ಐದು ಮುಖ, ಎಂಟು ಅಂಚು

ಹುಟ್ಟಿದ ಮಕ್ಕಳು ಮೊದಲು ಅಳುತ್ತವೆ; ಇವಳು ಮಾತ್ರ ಯಾರ ಮೇಲೋ ಚಾಡಿ ಹೇಳುವುದಕ್ಕೆ ಬಾಯಿ ತೆರೆದ ಹಾಗಿತ್ತು ಎಂದು ಅವಳ ಅಮ್ಮ ಹೇಳುತ್ತಾಳೆ. ಮಾತಿನಮಲ್ಲಿ ಅನ್ನುವ ಹೆಸರು ಹಾಗೆ ತೊಟ್ಟಿಲಿನಲ್ಲೇ ಅಂಟಿಕೊಂಡಿತು. ಏಳನೆಯ ತರಗತಿಗೆ ಬರುವಷ್ಟರಲ್ಲಿ ಅದರ ಮೊದಲರ್ಧ ಉದುರಿ ಬರೀ ಮಲ್ಲಿ ಉಳಿದಿತ್ತು. ಹಾಜರಿ ಕೂಗುವ ಹೊತ್ತು ಬಿಟ್ಟರೆ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅದೇ ಬೆಂಚಿನಲ್ಲಿ, ಕಿಟಕಿಯ ಬದಿಗೆ ಕೂರುತ್ತಿದ್ದವಳು ಗುಸುಕಿ. ಗುಮ್ಮನಗುಸುಕ ಎಂಬ ಮಾತು ಈ ಹುಡುಗಿ ಒಂದು ದಿನ ಹುಟ್ಟುತ್ತಾಳೆಂದೇ ಭಾಷೆಯಲ್ಲಿ ಕಾದು ಕೂತಿತ್ತೇನೋ. ಟೀಚರ್ ಪ್ರಶ್ನೆ ಕೇಳಿದರೆ ಉತ್ತರ ಅವಳ ಗಂಟಲಿನ ತನಕ ಬರುತ್ತಿತ್ತು. ಹೊರಗೆ ಯಾರ್ಯಾರಿದ್ದಾರೆ ಎಂದು ಇಣುಕಿ ನೋಡುತ್ತಿತ್ತು. ಆಮೇಲೆ ಬಾಗಿಲು ಹಾಕಿಕೊಂಡು ಒಳಗೆ ಹೋಗಿ ಮಲಗಿಬಿಡುತ್ತಿತ್ತು. ಇವರಿಬ್ಬರೂ ಜೀವದ ಗೆಳತಿಯರು. ಒಬ್ಬಳಿಗೆ ಹೇಳಲು ಒಂದು ಕಿವಿ ಬೇಕಿತ್ತು, ಇನ್ನೊಬ್ಬಳಿಗೆ ಕೇಳಲು ಒಂದು ಬಾಯಿ. ಕೊಡುಕೊಳ್ಳುವಿಕೆ ಸರಿಯಾಗಿತ್ತು.

ಅಂಥ ಗೆಳೆತನ ಒಂದು ನೀರಿನ ಡ್ರಮ್ಮಿನಲ್ಲಿ ಮುಳುಗಿತು, ಅದೂ ಖಾಲಿ ಡ್ರಮ್ಮಿನಲ್ಲಿ.

ಆದದ್ದು ಇಷ್ಟು. ಗುಸುಕಿಯ ಮನೆಯ ಹಿತ್ತಿಲಲ್ಲಿ ನೀಲಿ ಪ್ಲಾಸ್ಟಿಕ್ಕಿನ ದೊಡ್ಡ ಡ್ರಮ್ಮೊಂದಿದೆ. ಅದರಲ್ಲಿ ನೀರು ಮುಗಿದಾಗ ಗುಸುಕಿ ಒಳಗೆ ತಲೆ ಹಾಕಿ ಮಾರನೆಯ ದಿನದ ಉತ್ತರಗಳನ್ನು ಹೇಳಿ ಅಭ್ಯಾಸ ಮಾಡುತ್ತಿದ್ದಳು. ಡ್ರಮ್ಮು ಅವಳ ಸಣ್ಣ ದನಿಯನ್ನು ದಪ್ಪಗೆ ಮಾಡಿ ವಾಪಸು ಕೊಡುತ್ತಿತ್ತು. ಅದನ್ನು ಕೇಳಿಸಿಕೊಂಡರೆ ಅವಳಿಗೆ ಎಲ್ಲಿಲ್ಲದ ಧೈರ್ಯ. ಒಂದು ಸಂಜೆ ಮಲ್ಲಿಯ ಕಣ್ಣಿಗೆ ಇದು ಬಿತ್ತು. "ಯಾರಿಗೂ ಹೇಳ್ಬೇಡ," ಎಂದಳು ಗುಸುಕಿ. "ನನ್ನಾಣೆ ಹೇಳಲ್ಲ," ಎಂದಳು ಮಲ್ಲಿ. ಹೇಳುವಾಗ ಅದು ನಿಜವೇ ಆಗಿತ್ತು. ಆದರೆ ಮಲ್ಲಿಯ ಹೊಟ್ಟೆಯಲ್ಲಿ ಗುಟ್ಟು ಅನ್ನುವುದು ಅರಗುವ ಪದಾರ್ಥವಲ್ಲ. ಮಾರನೆಯ ದಿನ ಊಟದ ಬಿಡುವಿನಲ್ಲಿ ಕಸದ ಡಬ್ಬಿಯೊಳಗೆ ತಲೆ ಹಾಕಿ, ದನಿ ಬದಲಿಸಿ, ಇಡೀ ಪ್ರಸಂಗವನ್ನು ಆಡಿ ತೋರಿಸಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಲೆ ಹೊರಗೆ ತೆಗೆದು ನೋಡಿದರೆ ಬಾಗಿಲಲ್ಲಿ ಗುಸುಕಿ ನಿಂತಿದ್ದಳು.

ಅವತ್ತಿನಿಂದ ಗುಸುಕಿ ಉತ್ತರ ಹೇಳಲು ಎದ್ದರೆ ಸಾಕು, ಯಾವುದೋ ಬೆಂಚಿನಿಂದ ಡಬ್ ಡಬ್ ಎಂದು ಸದ್ದು. ಬಡಿಯುತ್ತಿದ್ದವನು ಲಂಬ. ನೆಟ್ಟಗೆ ಮೇಲಕ್ಕೇ ಬೆಳೆದು, ಕೂತರೂ ನಿಂತ ಹಾಗೆ ಕಾಣುತ್ತಿದ್ದ ಹುಡುಗನಿಗೆ ರೇಖಾಗಣಿತ ಕಲಿಯುವಾಗ ಸಿಕ್ಕಿದ ಹೆಸರು ಅದು.

ಗುಸುಕಿ ಅಳಲಿಲ್ಲ, ಬೈಯಲೂ ಇಲ್ಲ. ಮಲ್ಲಿಯ ಎದುರು ಬಂದು ನಿಂತು, "ಇನ್ಮೇಲೆ ನಿನ್ನ ಮುಖ ನೋಡಲ್ಲ," ಎಂದಳು. ಆ ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ವಾಕ್ಯ ಅದೇ ಇರಬೇಕು.

ಸಿಟ್ಟು ಬಂದಾಗ ಎಲ್ಲರೂ ಹಾಗೆ ಹೇಳುತ್ತಾರೆ, ಹೊತ್ತು ಮುಳುಗುವುದರೊಳಗೆ ಮರೆಯುತ್ತಾರೆ. ಆದರೆ ಅಪರೂಪಕ್ಕೆ ಬಾಯಿ ಬಿಡುವವರಿಗೆ ತಾವು ಆಡಿದ್ದು ನೆನಪಿರುತ್ತದೆ. ಗುಸುಕಿ ತನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ರಬ್ಬರ್ ಕೇಳಿದರೆ ಕೊಡುತ್ತಿದ್ದಳು, ಮಲ್ಲಿಯ ಮೊಣಕೈ ನೋಡಿಕೊಂಡು. ದಾರಿ ಬಿಡು ಎಂದರೆ ಬಿಡುತ್ತಿದ್ದಳು, ಬೂಟಿನ ಲೇಸು ನೋಡಿಕೊಂಡು. ಬೆಂಚಿನ ಮಧ್ಯೆ ಬ್ಯಾಗು ನಿಲ್ಲಿಸಿ ಗೋಡೆ ಕಟ್ಟಿದಳು. ಮನೆಗೆ ಹೋಗುವಾಗ ಬೀದಿಯ ಆಚೆ ಬದಿ ಹಿಡಿದಳು. ಅವಳ ಕಣ್ಣು ಮಲ್ಲಿಯ ಅಂಗಿಯ ಕತ್ತಿನ ಗುಂಡಿಯ ತನಕ ಹತ್ತಿ, ಮೇಲೆ ಮೆಟ್ಟಿಲೇ ಇಲ್ಲವೇನೋ ಅನ್ನುವ ಹಾಗೆ ಇಳಿದು ಬರುತ್ತಿತ್ತು.

ಮಲ್ಲಿ ಕ್ಷಮೆ ಕೇಳದೆ ಇರಲಿಲ್ಲ. ಕೇಳಿದಳು. ಆದರೆ ಕೇಳುವ ರೀತಿ ಹೀಗಿತ್ತು: "ಸಾರಿ ಕಣೇ. ಆದ್ರೆ ನೀನೂ ಕೂತು ನೋಡ್ಬೇಕಿತ್ತು, ಥೇಟ್ ನಿನ್ನ ಹಾಗೇ ಮಾಡ್ದೆ ಗೊತ್ತಾ, ಕೊನೇಲಿ ಕೆಮ್ಮೋದು ಕೂಡ ಬಿಡ್ಲಿಲ್ಲ." ಗುಸುಕಿ ಮಲ್ಲಿಯ ಬೆಲ್ಟನ್ನು ಒಂದು ಸಲ ದುರುಗುಟ್ಟಿ ನೋಡಿ ಎದ್ದು ಹೋದಳು.

ಹೇಳಿಕೊಳ್ಳುವವರಿಲ್ಲದೆ ಮಲ್ಲಿಯೊಳಗೆ ಸುದ್ದಿಗಳು ರಾಶಿ ಬಿದ್ದವು. ಸಂಗೀತದ ಮೇಷ್ಟ್ರು ಮೀಸೆ ಬೋಳಿಸಿದ್ದು, ಎದುರುಮನೆಯ ಬೆಕ್ಕು ಬೇರೆ ಮನೆಗೆ ಹೋಗಿ ಸೇರಿಕೊಂಡದ್ದು, ಎಲ್ಲವೂ ಹಾಗೆಹಾಗೇ ಹಳಸಿದವು. ಅಮ್ಮ ದರ್ಜಿ. ಬೀದಿಗೆ ತೆರೆದ ಮುಂಗೋಣೆಯಲ್ಲಿ ಮೆಷಿನ್ನು ತುಳಿಯುತ್ತ ಕೂರುವವಳು. ಮಲ್ಲಿ ಅವಳ ಹತ್ತಿರ ಹೇಳಲು ಹೋದರೆ, "ನನ್ನ ಕಿವಿಗೆ ಈ ಮೆಷಿನ್ನೇ ಸಾಕು. ಇದನ್ನೆಲ್ಲ ಅವಳ ಹತ್ರ ಹೇಳ್ಕೋ ಹೋಗು," ಎನ್ನುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಅವಳು ನನ್ನ ಮುಖ ನೋಡಲ್ಲಮ್ಮ."

"ನೋಡದೆ ಇದ್ರೆ ಕಿವಿ ಕೇಳಿಸಲ್ವಾ?"

ಅದು ಮಲ್ಲಿಗೆ ಹೊಳೆದಿರಲಿಲ್ಲ. ಆದರೂ ಮುಖವನ್ನೇ ನೋಡದವಳಿಗೆ ಸುದ್ದಿ ಹೇಳುವುದೆಂದರೆ ಕನ್ನಡಿಯಿಲ್ಲದ ಮನೆಯಲ್ಲಿ ತಲೆ ಬಾಚಿದ ಹಾಗೆ. ಎಲ್ಲಿ ನಕ್ಕಳು, ಎಲ್ಲಿ ಹುಬ್ಬೇರಿಸಿದಳು ಎಂದು ತಿಳಿಯುವುದು ಹೇಗೆ? ಮಲ್ಲಿಗೆ ಗುಸುಕಿಯ ಕಣ್ಣು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಇಂಥ ಹೊತ್ತಿನಲ್ಲೇ ಲೆಕ್ಕದ ಟೀಚರ್ ಹೊಸ ಪಾಠ ತೆಗೆದರು. ಅವರನ್ನು ಮಕ್ಕಳು ಡಬ್ಬಿ ಟೀಚರ್ ಎನ್ನುತ್ತಿದ್ದರು. ಖಾಲಿ ಪೆಟ್ಟಿಗೆ, ಡಬ್ಬಿ, ರಟ್ಟಿನ ಕೊಳವೆ, ಏನು ಕಂಡರೂ ಎಸೆಯಲು ಬಿಡದೆ ತಮ್ಮ ಬೀರುವಿನಲ್ಲಿ ತುಂಬಿಕೊಳ್ಳುತ್ತಿದ್ದರು. ಬೀರು ತೆರೆದರೆ ಮೊದಲು ನಾಲ್ಕಾರು ಡಬ್ಬಿಗಳು ಅವರ ತಲೆಯ ಮೇಲೆ ಬಿದ್ದು, ಆಮೇಲೆ ಪಾಠ ಶುರುವಾಗುತ್ತಿತ್ತು.

"ಘನಾಕೃತಿಗಳು," ಎಂದು ಬೋರ್ಡಿನ ಮೇಲೆ ಬರೆದು ಅವರು ಕೈ ಕೊಡವಿಕೊಂಡರು. "ಇದನ್ನ ಬೋರ್ಡಲ್ಲಿ ಕಲಿಸಕ್ಕಾಗಲ್ಲ. ಬೋರ್ಡು ಚಪ್ಪಟೆ, ಇವು ಚಪ್ಪಟೆ ಅಲ್ಲ. ಮನೆಯಿಂದ ತಂದಿರೋದನ್ನೆಲ್ಲ ಮೇಜಿನ ಮೇಲಿಡಿ."

ಮೇಜು ಸಂತೆಯಾಯಿತು. ಬೆಂಕಿಪೊಟ್ಟಣ, ದಾಳ, ಚೆಂಡು, ಔಷಧಿಯ ಪೆಟ್ಟಿಗೆ, ಐಸ್‌ಕ್ರೀಮಿನ ಶಂಕು. ಯಾರೋ ತಾತನ ಕನ್ನಡಕದ ಪೆಟ್ಟಿಗೆಯನ್ನು ಕನ್ನಡಕದ ಸಮೇತ ತಂದಿದ್ದರು. ಲಂಬ ಸುಟ್ಟುಹೋದ ಟ್ಯೂಬ್‌ಲೈಟನ್ನು ಭುಜದ ಮೇಲೆ ಹೊತ್ತು ತಂದಿದ್ದ. "ಸಿಲಿಂಡರ್ ಟೀಚರ್," ಎಂದು ಅದನ್ನು ಗೋಡೆಗೆ ಒರಗಿಸಿದಾಗ ಟೀಚರ್ ಉಸಿರು ಬಿಗಿ ಹಿಡಿದರು.

"ಚಪ್ಪಟೆಯಾಗಿ ಕಾಣೋ ಒಂದೊಂದು ಬದಿಗೂ ಮುಖ ಅಂತ ಹೆಸರು. ಎರಡು ಮುಖ ಸೇರೋ ಗೆರೆ ಅಂಚು. ಅಂಚುಗಳು ಕೂಡೋ ಜಾಗ ಮೂಲೆ, ಪುಸ್ತಕದಲ್ಲಿ ಶೃಂಗ ಅಂತಿದೆ."

"ಮುಖ ಅಂದ್ರೆ ಕಣ್ಣು, ಮೂಗು ಎಲ್ಲಾ ಇರುತ್ತಾ ಟೀಚರ್?" ಎಂದು ಮುಂದಿನ ಬೆಂಚಿನಿಂದ ಒಬ್ಬ ಹುಡುಗನ ದನಿ ಬಂತು.

ಬೇರೆ ಟೀಚರ್ ಆಗಿದ್ದರೆ ಕಿವಿ ಹಿಂಡುತ್ತಿದ್ದರು. ಡಬ್ಬಿ ಟೀಚರ್ ಚಾಕ್‌ಪೀಸಿನ ಪೆಟ್ಟಿಗೆ ಖಾಲಿ ಮಾಡಿ ಅವನ ಕೈಗಿತ್ತು, "ಇರ್ಬೇಕು ಅನಿಸಿದ್ರೆ ಬರಿ," ಎಂದರು. ಪೆಟ್ಟಿಗೆ ಬೆಂಚಿನಿಂದ ಬೆಂಚಿಗೆ ತಿರುಗಿ ಬರುವಷ್ಟರಲ್ಲಿ ಅದರ ಆರು ಮುಖಗಳಲ್ಲಿ ಒಂದು ನಗುತ್ತಿತ್ತು, ಒಂದು ಅಳುತ್ತಿತ್ತು, ಒಂದಕ್ಕೆ ಹಲ್ಲುನೋವು, ಒಂದು ನಿದ್ದೆ ಹೊಡೆಯುತ್ತಿತ್ತು, ಒಂದಕ್ಕೆ ಮೀಸೆ. ಆರನೆಯದು ಮಲ್ಲಿಯ ಪಾಲಿಗೆ ಬಂತು. ಅವಳು ಎರಡು ಕಣ್ಣು ಬರೆದು ಸುಮ್ಮನಾದಳು. ಪೆಟ್ಟಿಗೆಯ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಬಂದಿತ್ತು. ಆರು ಮುಖ ಇದ್ದವರಿಗೆ ಏನು, ಒಂದನ್ನು ನೋಡದಿದ್ದರೆ ಇನ್ನೊಂದನ್ನಾದರೂ ಯಾರಾದರೂ ನೋಡುತ್ತಾರೆ.

ಆಮೇಲೆ ಟೀಚರ್ ಬಟ್ಟೆಯ ಚೀಲಗಳ ಕಟ್ಟೊಂದನ್ನು ತೆಗೆದರು. ಬಾಯಿಗೆ ದಾರ ಕಟ್ಟಿದ ಚೀಲಗಳು, ಪ್ರತಿಯೊಂದರಲ್ಲೂ ಮರದ ಒಂದು ಆಕೃತಿ.

"ಬೆಂಚಿನ ಜೋಡಿಗಳೇ ಆಟದ ಜೋಡಿ. ನೆಲದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರ್ಬೇಕು. ಒಬ್ರು ಚೀಲದೊಳಗೆ ಕೈ ಹಾಕಿ, ಮುಟ್ಟಿ, ಅದು ಹೇಗಿದೆ ಅಂತ ಮೆಲ್ಲಗೆ ಹೇಳ್ಬೇಕು. ಆಕೃತಿಯ ಹೆಸರು ಮಾತ್ರ ಹೇಳೋ ಹಾಗಿಲ್ಲ. ಇನ್ನೊಬ್ರು ಕೇಳಿಸ್ಕೊಂಡು ಕಾಗದದಲ್ಲಿ ಅದನ್ನೇ ಕಟ್ಬೇಕು, ತುಟಿ ಪಿಟಕ್ ಅನ್ನೋ ಹಾಗಿಲ್ಲ."

ಮಲ್ಲಿ ಚೀಲಕ್ಕೆ ಕೈ ಚಾಚಿದಳು. ಟೀಚರ್ ಅದನ್ನು ಅವಳ ಕೈ ದಾಟಿಸಿ ಗುಸುಕಿಗೆ ಕೊಟ್ಟರು.

"ನಾನಲ್ವಾ ಟೀಚರ್ ಹೇಳೋದು?"

"ನೀನು ಹೇಳೋದನ್ನ ಇಡೀ ವರ್ಷದಿಂದ ಕೇಳ್ತಾ ಇದೀನಮ್ಮ. ಇವತ್ತು ನಿನ್ನ ಕಿವಿ ಕೆಲಸ ಮಾಡುತ್ತಾ ನೋಡೋಣ."

ಗುಸುಕಿ ಎದ್ದು ನಿಂತಳು. ಲಂಬನ ಬೆಂಚು ಡಬ್ ಎಂದಿತು. "ಬೆನ್ನಿಗೆ ಬೆನ್ನೇ ತಾನೆ ಟೀಚರ್?" ಎಂದು ಕೇಳಿದಳು.

"ಹೌದು."

"ತಿರುಗಿ ನೋಡೋ ಹಾಗಿಲ್ಲ ತಾನೆ?"

"ಖಂಡಿತ ಇಲ್ಲ."

"ಹಾಗಾದ್ರೆ ಸರಿ," ಎಂದು ಹೋಗಿ ಕಿಟಕಿಯ ಕೆಳಗೆ ಕೂತಳು. ಮಲ್ಲಿ ಕಾಗದ, ಕತ್ತರಿ, ಅಂಟು ಹಿಡಿದುಕೊಂಡು ಹಿಂದೆ ಬಂದು ಬೆನ್ನು ಕೊಟ್ಟು ಕೂತಳು. ಎಷ್ಟೋ ದಿನಗಳ ಮೇಲೆ ಇಬ್ಬರ ನಡುವೆ ಬ್ಯಾಗಿರಲಿಲ್ಲ.

"ಐದು ಮುಖ," ಎಂದಳು ಗುಸುಕಿ. "ಎಂಟು ಅಂಚು. ಐದು ಮೂಲೆ."

ಅಷ್ಟಕ್ಕೇ ಮುಗಿಯಿತೆಂದು ಮಲ್ಲಿ ಅಂದುಕೊಂಡಳು. ಸ್ವಲ್ಪ ಹೊತ್ತು ಚೀಲದೊಳಗೆ ಬೆರಳು ಸರಿದಾಡುವ ಸದ್ದು ಮಾತ್ರ. ಆಮೇಲೆ ದನಿ ಮತ್ತೆ ಬಂತು. ಕಿವಿಗಿಂತ ಮೊದಲು ಬೆನ್ನುಮೂಳೆಗೆ ಬಂತು, ಗೋಡೆಯಾಚೆ ಯಾರೋ ಮಾತಾಡುವಾಗ ಗೋಡೆ ಗುಂಯ್‌ಗುಡುವ ಹಾಗೆ.

"ಒಂದು ಮನೆ ಅಂದ್ಕೋ. ನೆಲ ಚೌಕ. ಗೋಡೆ ನಾಲ್ಕು. ಆದ್ರೆ ಗೋಡೆಗಳಿಗೆ ನೆಟ್ಟಗೆ ನಿಲ್ಲಕ್ಕೆ ಸೋಮಾರಿತನ. ಒಂದರ ಮೇಲೊಂದು ವಾಲ್ಕೊಂಡು, ಸಪೂರ ಆಗ್ತಾ ಆಗ್ತಾ, ಮೇಲೆ ಹೋಗಿ ನಾಲ್ಕೂ ಹಣೆಗೆ ಹಣೆ ಡಿಕ್ಕಿ ಹೊಡೆದಿವೆ. ಅದಕ್ಕೇ ಈ ಮನೆಗೆ ಸೂರಿಲ್ಲ, ತುದಿ ಇದೆ ಅಷ್ಟೆ. ನೆಲದ ಉದ್ದ ನನ್ನ ತೋರುಬೆರಳಷ್ಟು. ನಿನ್ನ ಬೆರಳಲ್ಲಿ ಅಳೀಬೇಡ, ನಿಂದು ಗಿಡ್ಡ."

ಮಲ್ಲಿ ಬೆರಗಾದಳು. ಎದುರಿಗೆ ಯಾರ ಕಣ್ಣೂ ಇಲ್ಲದಿದ್ದರೆ ಈ ಹುಡುಗಿ ಹೀಗೂ ಮಾತಾಡುತ್ತಾಳಾ? ಇಷ್ಟು ದಿನ ತಾನೇ ಮಾತಾಡಿ ಮಾತಾಡಿ ಇವಳಿಗೆ ಸರದಿಯನ್ನೇ ಕೊಟ್ಟಿರಲಿಲ್ಲವೇನೋ ಎಂದೂ ಒಂದು ಕ್ಷಣ ಅನಿಸಿತು. ಅನಿಸಿದ್ದು ಅವಳಿಗೆ ಹಿಡಿಸಲಿಲ್ಲ. ಕಾಗದದ ಮೇಲೆ ಚೌಕ ಬರೆಯತೊಡಗಿದಳು.

"ತಡಿ, ತುದಿ ಮುಟ್ತಾ ಇದೀನಿ," ಎಂದಿತು ಬೆನ್ನು. ದನಿ ಇನ್ನೂ ಮೆಲ್ಲಗಾಯಿತು. "ಥೇಟ್ ನಮ್ಮ ದೊಡ್ಡ ಮೇಡಮ್ಮಿನ ಮೂಗು ಕಣೇ. ಬಿಚ್ಚಿ ಚೀಲದೊಳಗಿಟ್ಟು ಮರೆತು ಹೋಗಿದಾರೆ. ಪಾಪ, ಈಗ ಶೀತ ಬಂದ್ರೆ ಏನ್ಮಾಡ್ತಾರೋ."

ದೊಡ್ಡ ಮೇಡಂ ಎಂದರೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರು ಬರುವುದಕ್ಕಿಂತ ಒಂದು ಗಳಿಗೆ ಮೊದಲು ಅವರ ಮೂಗು ಬರುತ್ತದೆ ಎಂದು ಮಕ್ಕಳು ನಂಬಿದ್ದರು. ಮಲ್ಲಿಯ ಹೊಟ್ಟೆಯಲ್ಲಿ ನಗು ಕುದಿಯತೊಡಗಿತು. ತುಟಿ ಕಚ್ಚಿದಳು, ಕೆನ್ನೆಯ ಒಳಬದಿ ಕಚ್ಚಿದಳು, ಕೊನೆಗೆ ಕಾಗದದ ಅಂಚನ್ನೇ ಕಚ್ಚಿದಳು. ಭುಜ ಕುಣಿಯುತ್ತಿತ್ತು. ಹಿಂದಿನ ಬೆನ್ನೂ ಕುಣಿಯುತ್ತಿದೆ ಎಂದು ತಿಳಿದ ಮೇಲಂತೂ ತಡೆಯಲಾಗದೆ ಮೂಗಿನಿಂದ ಬುಸ್ಸೆಂದು ನಗು ನುಗ್ಗಿಬಿಟ್ಟಿತು.

ಸರಿಯಾಗಿ ಆಗಲೇ ಬಾಗಿಲಲ್ಲಿ ದೊಡ್ಡ ಮೇಡಂ.

"ಏನಮ್ಮ ಅಷ್ಟು ನಗು? ಹೇಳು, ನಾವೂ ನಗ್ತೀವಿ."

ಮಲ್ಲಿ ಎದ್ದು ನಿಂತು ತುಟಿಯ ಮೇಲೆ ಬೆರಳಿಟ್ಟಳು.

"ಬಾಯಿ ಬಿದ್ದುಹೋಗಿದೆಯಾ?"

"ಅವಳು ಮಾತಾಡೋ ಹಾಗಿಲ್ಲ ಮೇಡಂ, ಆಟದ ನಿಯಮ," ಎಂದರು ಡಬ್ಬಿ ಟೀಚರ್.

"ನಿಯಮ ನಾನು ಸಡಿಲ ಮಾಡಿದೀನಿ. ಹೇಳು, ಏನು ಹೇಳಿದ್ಲು ಅವಳು?"

ಇಡೀ ತರಗತಿ ಮಲ್ಲಿಯ ಕಡೆ ನೋಡಿತು. ಅವಳ ನಾಲಿಗೆಯ ತುದಿಯಲ್ಲಿ ಅವಳ ಜೀವಮಾನದಲ್ಲೇ ಅತಿ ದೊಡ್ಡ ಸುದ್ದಿ ಕೂತಿತ್ತು. ಹೇಳಿದರೆ ವರ್ಷಗಟ್ಟಲೆ ಇದನ್ನೇ ನೆನೆದು ನಗುತ್ತಾರೆ. ಬೇರೆ ಶಾಲೆಗಳಿಗೂ ಹಬ್ಬುತ್ತದೆ. ಮೂಗಿನ ಒಡತಿಯೇ ಎದುರಿಗಿದ್ದಾರೆ, ಅಭಿನಯಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೆಳಗೆ ಕೂತ ಗುಸುಕಿಯ ಬೆನ್ನು ಅವಳ ಕಾಲಿಗೆ ತಾಗಿಕೊಂಡಿತ್ತು. ಅದು ಹಲಗೆಯ ಹಾಗೆ ಬಿಗಿದಿತ್ತು.

"ಏನಿಲ್ಲ ಮೇಡಂ," ಎಂದಳು ಮಲ್ಲಿ. "ಪಿರಮಿಡ್ಡು."

"ಪಿರಮಿಡ್ಡಲ್ಲಿ ನಗೋವಂಥದ್ದೇನಿದೆ?"

"ಅದರ ಮುಖ ನೆನೆಸ್ಕೊಂಡ್ರೆ ನಗು ಬರುತ್ತೆ ಮೇಡಂ."

"ಯಾವ ಮುಖ?"

"ಐದೂ ಮೇಡಂ."

ತರಗತಿ ಕಿಸಕ್ಕೆಂದಿತು. ದೊಡ್ಡ ಮೇಡಂ ಮೂಗನ್ನು ಒಂದು ಸಲ ಎಡಕ್ಕೂ ಒಂದು ಸಲ ಬಲಕ್ಕೂ ತಿರುಗಿಸಿ, "ಹೊರಗೆ ಹೋಗಿ ನಿಂತ್ಕೋ. ಐದಕ್ಕೂ ಪೂರ್ತಿ ನಕ್ಕು ಮುಗಿಸಿ ಆಮೇಲೆ ಒಳಗೆ ಬಾ," ಎಂದು ಹೊರಟುಹೋದರು. ಡಬ್ಬಿ ಟೀಚರ್ ನಿಟ್ಟುಸಿರು ಬಿಟ್ಟು, "ಹೆಸರೂ ಹೇಳಿಬಿಟ್ಟೆ, ಮಾತೂ ಆಡಿಬಿಟ್ಟೆ. ಆಟದಲ್ಲಿ ನೀನು ಔಟು. ಆದ್ರೂ ಕಟ್ಟೋದು ಕಟ್ಟು," ಎಂದು ಕಾಗದ, ಕತ್ತರಿಗಳನ್ನು ಅವಳ ಜೊತೆಗೇ ಹೊರಗೆ ಕಳಿಸಿದರು.

ಪಡಸಾಲೆಯ ನೆಲದ ಮೇಲೆ ಕೂತು ಮಲ್ಲಿ ಕತ್ತರಿಸಿದಳು. ಒಂದು ಚೌಕ, ನಾಲ್ಕು ತ್ರಿಕೋನ. ಅಮ್ಮನ ಪಕ್ಕದಲ್ಲಿ ಕೂತು ಬೆಳೆದ ಕೈ ಅದು. ಬಟ್ಟೆಗೆ ಕತ್ತರಿ ಹಾಕಿದಾಗಲೆಲ್ಲ ಅಮ್ಮನ ಬಾಯಲ್ಲಿ ಒಂದೇ ಮಾತು: "ಅಂಚು ಬಿಡೇ, ಅಂಚು ಬಿಡು." ಹೊಲಿಗೆಗೆ ಒಳಗೆ ಮಡಚುವುದಕ್ಕೆ ಸುತ್ತಲೂ ಒಂದು ಬೆರಳು ಹೆಚ್ಚು ಬಿಡದಿದ್ದರೆ ಅದು ಬಟ್ಟೆಯೇ ಅಲ್ಲ. ಅಂಚು ಎಂಟು ಎಂದು ಗುಸುಕಿ ಹೇಳಿದ್ದು ಮಲ್ಲಿಗೆ ನೆನಪಿತ್ತು. ಆದರೆ ಕೈಗೆ ಗೊತ್ತಿದ್ದ ಅಂಚು ಬೇರೆ. ಚೌಕದ ನಾಲ್ಕು ಬದಿಗೂ ಬಿಟ್ಟಳು, ಒಂದೊಂದು ತ್ರಿಕೋನದ ಮೂರು ಮೂರು ಬದಿಗೂ ಬಿಟ್ಟಳು.

ಅವಳು ಒಳಗೆ ಬಂದಾಗ ತರಗತಿಯಲ್ಲಿ ದೊಡ್ಡ ಗೋಳು. ಎಲ್ಲರೂ ಮುಖಗಳನ್ನು ಗೆರೆಗೆ ಸರಿಯಾಗಿ ಕತ್ತರಿಸಿದ್ದರು. ಕತ್ತರಿಸಿ ಎದುರುಬದುರು ಹಿಡಿದರೆ ಅಂಟು ಹಚ್ಚುವುದಕ್ಕೆ ಜಾಗವೇ ಇಲ್ಲ.

"ಎಲ್ಲಿಗೆ ಅಂಟಿಸೋದು ಟೀಚರ್, ಗಾಳಿಗಾ?" ಎಂದು ಲಂಬ ಕುಸಿದ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದ. ಕೈ ಬಿಟ್ಟರೆ ಅವನ ಘನ ಇಸ್ಪೀಟೆಲೆಯಾಗಿ ಬೀಳುತ್ತಿತ್ತು.

ಮಲ್ಲಿ ತನ್ನದನ್ನು ಮೇಜಿನ ಮೇಲಿಟ್ಟಳು. ಅದು ನಿಂತಿತು. ನಿಂತದ್ದು ಅದೊಂದೇ. ಆದರೆ ಅದರ ರೂಪ ಕೇಳಬೇಡಿ. ಪ್ರತಿ ಅಂಚಿನಲ್ಲೂ ಎರಡೆರಡು ಪಟ್ಟಿಗಳು ಹೊರಗೆ ಚಾಚಿಕೊಂಡು, ಪಿರಮಿಡ್ಡು ಮದುವೆಮನೆಗೆ ಝಾಲರಿ ಫ್ರಾಕು ಹಾಕಿಕೊಂಡು ಹೊರಟ ಹಾಗಿತ್ತು. ನಗುವವರೆಲ್ಲ ನಕ್ಕರು. ಟೀಚರ್ ಮಾತ್ರ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಅಂಚು ಎಷ್ಟು ಅಂದಿದ್ಲು ನಿನ್ನ ಜೋಡಿ?"

"ಎಂಟು."

"ನೀನೆಷ್ಟು ಕಡೆ ಬಿಟ್ಟಿದೀಯ?"

ಮಲ್ಲಿ ಎಣಿಸಿದಳು. ಹದಿನಾರು. ಅವಳ ಕಿವಿ ಬಿಸಿಯಾಯಿತು.

"ನೋಡ್ರೋ ಎಲ್ರೂ. ಅಂಚು ಒಂದೇ, ಅದಕ್ಕೆ ಬಂದು ಸೇರೋ ಮುಖ ಎರಡು. ಬಿಡಿಸಿಟ್ರೆ ಒಂದು ಅಂಚು ಎರಡಾಗುತ್ತೆ, ಕೂಡಿಸಿದ್ರೆ ಎರಡು ಒಂದಾಗುತ್ತೆ. ಅದಕ್ಕೇ ಬಿಡಿಯಾಗಿ ಎಣಿಸಿದ್ರೆ ಹದಿನಾರು, ಕೂಡಿಸಿದ ಮೇಲೆ ಎಂಟು. ಇಬ್ಬರಲ್ಲಿ ಒಬ್ರು ಸ್ವಲ್ಪ ಜಾಸ್ತಿ ಪಟ್ಟಿ ಬಿಟ್ರೆ ಸಾಕು, ಅಂಟುತ್ತೆ. ನೀವ್ಯಾರೂ ಬಿಟ್ಟಿಲ್ಲ. ಇವಳು ಇಬ್ಬರ ಲೆಕ್ಕದಲ್ಲೂ ತಾನೇ ಬಿಟ್ಟಿದಾಳೆ."

ಬಿಡುವಿನ ಗಂಟೆ ಬಾರಿಸುವುದೇ ತಡ, ಎಲ್ಲರೂ ಮಲ್ಲಿಯನ್ನು ಮುತ್ತಿಕೊಂಡರು. ಏನು ಹೇಳಿದ್ದು? ಯಾರ ಬಗ್ಗೆ? ನಮಗಷ್ಟೇ ಹೇಳು. ಲಂಬ ತನ್ನ ಹೊಸ ಕೈವಾರ ಕೊಡುತ್ತೇನೆಂದ. "ನೀನು ಹೇಳ್ದೆ ಇರ್ತೀಯಾ? ಸಾಯಂಕಾಲದೊಳಗೆ ಹೊಟ್ಟೆ ಒಡೆದುಹೋಗುತ್ತೆ ನೋಡು," ಎಂದ.

ಅದು ಮಲ್ಲಿಗೂ ಗೊತ್ತಿತ್ತು. ತನ್ನ ಬಾಯಿಯ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹಾಗಾಗಿ ಜನರನ್ನು ಸರಿಸಿಕೊಂಡು ನಲ್ಲಿಯ ಹತ್ತಿರ ಹೋದಳು. ಬಾಯಿ ತುಂಬ ನೀರು ತುಂಬಿಕೊಂಡಳು. ಕೆನ್ನೆ ಎರಡೂ ಉಬ್ಬಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಅಂಗಳದ ಗೋಡೆಗೆ ಬೆನ್ನು ಹಾಕಿ ನಿಂತಳು. ಯಾರಾದರೂ ಕೇಳಿದರೆ ಕೆನ್ನೆ ತೋರಿಸುತ್ತಿದ್ದಳು. ನಗಿಸಲು ನೋಡಿದರು, ಲಂಬನ ಅಂಗಿಯ ಮೇಲೆ ಪೂರ್ತಿ ಬಾಯಿನೀರು ಬಿತ್ತು. ಮತ್ತೆ ಹೋಗಿ ತುಂಬಿಕೊಂಡು ಬಂದಳು.

ಪಡಸಾಲೆಯ ಕಂಬದ ಪಕ್ಕದಲ್ಲಿ ಗುಸುಕಿ ನಿಂತಿದ್ದಳು. ಮುಖ ನೋಡುವ ಹಾಗಿಲ್ಲವಲ್ಲ, ಅವಳು ಗೋಡೆಯ ಮೇಲೆ ಬಿದ್ದಿದ್ದ ಮಲ್ಲಿಯ ನೆರಳನ್ನು ನೋಡುತ್ತಿದ್ದಳು. ನೆರಳಿಗೆ ಕಣ್ಣಿರಲಿಲ್ಲ, ಮೂಗಿರಲಿಲ್ಲ. ಎರಡು ಜಡೆ ಕಟ್ಟಿದ ಒಂದು ದೊಡ್ಡ ಚೆಂಡು ಬಿಸಿಲಿನಲ್ಲಿ ನಿಂತ ಹಾಗಿತ್ತು.

ಸಂಜೆ ಮನೆಯಲ್ಲೂ ಮಲ್ಲಿ ತುಟಿ ಬಿಚ್ಚಲಿಲ್ಲ. ಅಮ್ಮ ಮೆಷಿನ್ನು ನಿಲ್ಲಿಸಿ ಅವಳ ಹಣೆ ಮುಟ್ಟಿ ನೋಡಿದಳು. "ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ."

"ಮತ್ತೆ ಈ ಮನೆಯಲ್ಲಿ ಇಷ್ಟು ನಿಶ್ಶಬ್ದ ಯಾಕೆ? ಎರಡು ಸಲ ಹೊಲಿಗೆ ತಪ್ಪಿದೆ ನಂಗೆ."

ಮಾರನೆಯ ದಿನ ಡಬ್ಬಿ ಟೀಚರ್ ಬೆಂಚುಗಳನ್ನು ಗೋಡೆಗೆ ಸರಿಸಿ, ಮೇಜುಗಳನ್ನು ಕೂಡಿಸಿ, ಮಧ್ಯದಲ್ಲಿ ನೀಲಿ ಮಸಿಯಲ್ಲಿ ನೆನೆಸಿದ ಸ್ಪಂಜುಗಳನ್ನೂ, ಹಿಂದಿನ ದಿನ ಕುಸಿದವುಗಳನ್ನು ಸರಿಪಡಿಸಲು ಅಂಟಿನ ಬಟ್ಟಲನ್ನೂ ಇಟ್ಟಿದ್ದರು. "ಇವತ್ತು ಮುಖಗಳಿಗೆ ಸಹಿ ಹಾಕಿಸ್ತೀವಿ. ಪ್ರತಿ ಆಕೃತಿಯನ್ನೂ ಮಸಿಯಲ್ಲಿ ಅದ್ದಿ ಕಾಗದಕ್ಕೊತ್ತಿ. ಯಾವ ಬದಿ ಪೂರ್ತಿ ಅಚ್ಚು ಬೀಳುತ್ತೋ ಅದು ಮುಖ."

ಘನ ಚೌಕವನ್ನು ಒತ್ತಿತು. ಪಿರಮಿಡ್ಡು ಒಂದು ಚೌಕ, ನಾಲ್ಕು ತ್ರಿಕೋನ ಒತ್ತಿತು. ಡಬ್ಬಿ ಎರಡು ವೃತ್ತಗಳನ್ನು ಕೊಟ್ಟಿತು. ಚೆಂಡಿನ ಸರದಿ ಬಂದಾಗ ಜಗಳ ಶುರುವಾಯಿತು. ಲಂಬನ ಪ್ರಕಾರ ಚೆಂಡಿಗೆ ಒಂದೇ ಮುಖ, ಸುತ್ತಲೂ ಇರುವಂಥದ್ದು. ಇನ್ನೊಬ್ಬಳ ಪ್ರಕಾರ ಸಾವಿರ, ಅವು ಸಣ್ಣಗಿರುವುದರಿಂದ ಕಾಣುವುದಿಲ್ಲ. ಟೀಚರ್ ಚೆಂಡನ್ನು ಮಸಿಯಲ್ಲಿ ಅದ್ದಿ ಕಾಗದದ ಮೇಲಿಟ್ಟು ಎತ್ತಿದರು. ಒಂದು ಚುಕ್ಕೆ ಬಿತ್ತು, ಅಷ್ಟೆ.

ಆಗ ಗುಸುಕಿ ಕೈಯೆತ್ತಿದಳು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಎತ್ತಿದಳು. ಮೇಜಿನಾಚೆ ಲಂಬ ಬಡಿಯಲು ಅಂಗೈ ಮೇಲೆತ್ತಿದ. ಮಲ್ಲಿ ಅವನ ಕಡೆ ನೋಡದೆಯೇ ಮಸಿಯ ಸ್ಪಂಜೊಂದನ್ನು ಮೆಲ್ಲಗೆ ಅತ್ತ ತಳ್ಳಿದಳು. ಡಬ್ ಎನ್ನಬೇಕಾದದ್ದು ಪಚಕ್ ಎಂದಿತು. ಲಂಬ ನೀಲಿ ಅಂಗೈಯನ್ನು ನೋಡುತ್ತ ನಿಂತ.

"ಟೀಚರ್, ಉಬ್ಬಿರೋದು ಮುಖ ಅಲ್ವಾ?" ಎಂದು ಕೇಳಿದಳು ಗುಸುಕಿ, ಯಾವ ತಡೆಯೂ ಇಲ್ಲದೆ.

"ನಮ್ಮ ಪುಸ್ತಕದ ಲೆಕ್ಕದಲ್ಲಿ ಚಪ್ಪಟೆಯಾಗಿದ್ರೇ ಮುಖ. ಉಬ್ಬಿದ್ರೆ ಅದಕ್ಕೆ ವಕ್ರವಾದ ಮೇಲ್ಮೈ ಅಂತಾರೆ. ಗೋಳಕ್ಕೆ ಮುಖ ಇಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಖಂಡಿತಾನಾ?"

"ಯಾಕಮ್ಮ, ಕೋರ್ಟಿಗೇನಾದ್ರೂ ಹೋಗ್ಬೇಕಾ?" ಎಂದರು ಟೀಚರ್. ಗುಸುಕಿ ತಲೆಯಾಡಿಸಿದಳು.

ಶಾಲೆ ಬಿಟ್ಟ ಮೇಲೆ ಮಲ್ಲಿ ಬೀದಿಯ ಈಚೆ ಬದಿಯಲ್ಲಿ ಬ್ಯಾಗು ಎಳೆದುಕೊಂಡು ಹೋಗುತ್ತಿದ್ದಳು. ಬೀಗ ರಿಪೇರಿಯ ಅಂಗಡಿ ದಾಟಿರಲಿಲ್ಲ, ಹಿಂದಿನಿಂದ ದಾಪುಗಾಲಿನ ಸದ್ದು ಕೇಳಿಸಿತು. ಗುಸುಕಿ ಬೀದಿ ದಾಟಿ ಬಂದಿದ್ದಳು. ಬಂದು ಎದುರಿಗೆ ನಿಂತು, ಕತ್ತಿನ ಗುಂಡಿ ನೋಡಿಕೊಂಡು ಕೇಳಿದಳು:

"ಮೂಗಿನ ವಿಷಯ ಯಾಕೆ ಹೇಳ್ಲಿಲ್ಲ? ಹೇಳ್ಬೇಡ ಅಂತ ನಾನೇನೂ ಅಂದಿರ್ಲಿಲ್ಲ."

ಮಲ್ಲಿಗೆ ಉತ್ತರ ಹೇಳುವುದಕ್ಕೆ ಬಹಳ ಇತ್ತು. ದೊಡ್ಡ ಮೇಡಮ್ಮಿನ ಎದುರು ಹೇಗೆ ಮೈ ಬೆವರಿತು, ಲಂಬ ಕೈವಾರ ತೋರಿಸಿದಾಗ ಎಷ್ಟು ಆಸೆಯಾಯಿತು, ನೀರು ತುಂಬಿಕೊಂಡು ದವಡೆ ಹೇಗೆ ನೋಯಿತು. ಅದ್ಯಾವುದೂ ಬಾಯಿಗೆ ಬರಲಿಲ್ಲ.

"ತಪ್ಪಾಯ್ತು ಕಣೇ," ಎಂದಳು. 'ಆದ್ರೆ' ಎಂದು ಮುಂದುವರಿಸಲಿಲ್ಲ.

ಗುಸುಕಿ ಸ್ವಲ್ಪ ಹೊತ್ತು ಕಾದಳು. ಇನ್ನೇನೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಬ್ಯಾಗಿನಿಂದ ಸ್ಕೇಲು ತೆಗೆದಳು.

"ಅಲ್ಲಾಡ್ಬೇಡ," ಎಂದಳು.

"ಹೊಡೀತೀಯಾ?"

"ಬಾಯಿ ಮುಚ್ಚು. ಅಳೀಬೇಕು."

ಕಣ್ಣು ಗುಂಡಿಯ ಮೇಲೇ ನೆಟ್ಟು, ಬೆರಳಿನಿಂದ ತಡಕಿ, ಸ್ಕೇಲನ್ನು ಮಲ್ಲಿಯ ಎಡಗೆನ್ನೆಗೆ ಒತ್ತಿ ಹಿಡಿದಳು. ಸ್ಕೇಲು ಆ ಕಡೆ ಈ ಕಡೆ ತೂಗಿತು. ಬಲಗೆನ್ನೆಗೆ ಹಿಡಿದಳು, ಅಲ್ಲೂ ತೂಗಿತು. ಹಣೆಗೆ ಹಿಡಿದಳು, ಗಲ್ಲಕ್ಕೆ ಹಿಡಿದಳು. ಬೀಗದ ಅಂಗಡಿಯವನು ಅರ ಉಜ್ಜುವುದು ನಿಲ್ಲಿಸಿ ನೋಡತೊಡಗಿದ.

"ಎಲ್ಲೂ ಕೂರ್ತಿಲ್ಲ," ಎಂದಳು ಗುಸುಕಿ, ರೋಗಿಯ ಫಲಿತಾಂಶ ಹೇಳುವ ಡಾಕ್ಟರ ಹಾಗೆ. "ಚಪ್ಪಟೆ ಜಾಗ ಒಂದೂ ಇಲ್ಲ. ಅಂದ್ರೆ ನಿಂಗೆ ಮುಖಾನೇ ಇಲ್ಲ. ಇಲ್ಲದೆ ಇರೋದನ್ನ ನೋಡಿದ್ರೆ ನನ್ನ ಮಾತು ತಪ್ಪಿದ ಹಾಗಾಗಲ್ಲ."

ಎಂದು ಕಣ್ಣೆತ್ತಿ ನೋಡಿದಳು.

ಮಲ್ಲಿ ಇಷ್ಟು ದಿನ ಕಾದಿದ್ದ ಕಣ್ಣುಗಳು ಎದುರಿಗಿದ್ದವು, ಸ್ವಲ್ಪ ಒದ್ದೆಯಾಗಿದ್ದವು, ನಗುತ್ತಲೂ ಇದ್ದವು. ಸಂಗೀತದ ಮೇಷ್ಟ್ರ ಮೀಸೆಯಿಂದ ಶುರು ಮಾಡಲೋ ಬೆಕ್ಕಿನಿಂದಲೋ ಎಂದು ಗೊಂದಲವಾಗಿ, "ಅಂದ್ರೆ ನಾನು ಚೆಂಡಾ?" ಎಂದಳು.

"ಹೂಂ. ಹುಬ್ಬಿನ ಮೇಲೆ ಅಂಟು ಒಣಗಿದೆ. ಇಷ್ಟು ದಪ್ಪ."

ಮಲ್ಲಿ ಕೈಯಾಡಿಸಿ ನೋಡಿದಳು. ಹುಬ್ಬು ಕಡ್ಡಿಯ ಹಾಗೆ ಸೆಟೆದಿತ್ತು. "ಅಯ್ಯೋ, ಯಾವಾಗಿಂದ ಇದೆ?"

"ನಂಗೇನು ಗೊತ್ತು," ಎಂದಳು ಗುಸುಕಿ, ಅಂಟಿನ ತುದಿಗೆ ಉಗುರು ಹಾಕುತ್ತ. "ನಾನು ನೋಡಿದ್ರೆ ತಾನೆ."